ಯಂತ್ರಕ್ಕಷ್ಟೇ ಅಳತೆ ತೆಗೆದರೆ ಸಾಲದು

ಕುಂದಾಣದ ಹೆಸರು ಈಗ ಜನರ ಬಾಯಲ್ಲಿ ಬರುವುದು ಹೆಚ್ಚಾಗಿ ಕಚೇರಿ ಕೆಲಸದ ನೆಪದಲ್ಲಿ. ಬೆಂಗಳೂರು ಗ್ರಾಮಾಂತರ ಜಿಲ್ಲಾಡಳಿತ ಭವನ ಇದೇ ಹೋಬಳಿಯ ಬೀರಸಂದ್ರದಲ್ಲಿದೆ. ಹದಿಮೂರನೇ ಶತಮಾನದಲ್ಲಿ ಹೊಯ್ಸಳ ರಾಮನಾಥ ಇಲ್ಲಿ ಕೂತು ರಾಜ್ಯಭಾರ ಮಾಡಿದ್ದು ಇತಿಹಾಸ ಓದಿದವರಿಗೆ ಗೊತ್ತು. ಉಳಿದವರಿಗೆ ಇದು ಪಹಣಿ, ಪೋಡಿ, ಭೂಸ್ವಾಧೀನದ ಕಡತ ಹಿಡಿದು ಹೋಗುವ ಕಡೆ. ನನಗೆ ಈ ಊರಿನ ಮೇಲೆ ಕುತೂಹಲ ಬೇರೆಯೇ ಕಾರಣಕ್ಕೆ. ಹೇಳಿ ಮಾಡಿಸಿದ ಯಂತ್ರ ಬೇಕೆನ್ನುವ ಗಿರಾಕಿಗಳಲ್ಲಿ ಎಷ್ಟು ಜಾತಿ ಇರಬಹುದೋ ಅಷ್ಟೂ ಇದರ ಸುತ್ತ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಸಿಕ್ಕಿಬಿಡುತ್ತವೆ.

ಪಡುವಲಿಗೆ ಹೋದರೆ ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳು, ಅದರ ಪಕ್ಕದಲ್ಲೇ ಕೈಗಾರಿಕಾ ಪ್ರದೇಶ. ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಯ ಬಯಲಲ್ಲಿ ಮುನ್ನೂರು ಎಕರೆಯ ಫಾಕ್ಸ್‌ಕಾನ್. 2025ರಲ್ಲಿ ಅಲ್ಲಿ ಐಫೋನ್ ಜೋಡಣೆ ಶುರುವಾಯಿತು. ದೇವನಹಳ್ಳಿ ದಾಟಿದರೆ ವಿಮಾನ ನಿಲ್ದಾಣ, ಅದರಾಚೆ ಏರೋಸ್ಪೇಸ್ ಪಾರ್ಕ್. ಇನ್ನೂ ಮೂಡಲಿಗೆ ಹೋದರೆ ವಿಜಯಪುರ, ಗೂಡಿನ ಮಾರುಕಟ್ಟೆ, ರೇಷ್ಮೆ ಬಿಚ್ಚುವ ಮನೆಗಳು. ರೇಷ್ಮೆ ಬಿಚ್ಚುವವನಿಗೂ ಯಂತ್ರ ಬೇಕು, ವಿಮಾನದ ರೆಕ್ಕೆಯ ಭಾಗ ಕೊರೆಯುವವನಿಗೂ ಬೇಕು. ಇಬ್ಬರಿಗೂ ಅಂಗಡಿಯಲ್ಲಿ ಇಟ್ಟ ಮಾಲು ಹೊಂದುವುದಿಲ್ಲ, ಮಾಡಿಸಿಯೇ ಆಗಬೇಕು.

ಅಂಥದನ್ನು ಮಾಡಿಕೊಡುವವರು ಹತ್ತಿರದಲ್ಲೇ ಇದ್ದಾರೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು, ಆಮೇಲೆ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣ ಸಂಶೋಧನಾ ಸಂಸ್ಥೆ ಸಿಎಂಟಿಐ, ಆಮೇಲೆ ಪೀಣ್ಯ ಕೈಗಾರಿಕಾ ಪ್ರದೇಶ. ಒಂದೇ ಕೆಲಸಕ್ಕೆಂದು, ಒಬ್ಬನೇ ಗಿರಾಕಿಗೆಂದು ಮಾಡುವ ಯಂತ್ರವನ್ನು ಪೀಣ್ಯದಲ್ಲಿ ಎಸ್‌ಪಿಎಂ ಅನ್ನುತ್ತಾರೆ, ಸ್ಪೆಷಲ್ ಪರ್ಪಸ್ ಮಷೀನ್. ಲೈಸೆನ್ಸ್ ಕಾಲದಲ್ಲಿ ಗಿರಾಕಿಯೇ ಸಾಲಿನಲ್ಲಿ ನಿಂತು ಕಾಯುತ್ತಿದ್ದ. 1991ರ ನಂತರ ಹೊರಗಿನ ಯಂತ್ರ ಸಲೀಸಾಗಿ ಬರತೊಡಗಿದ ಮೇಲೆ ಅವನು ಕಾಯುವುದನ್ನು ಬಿಟ್ಟ. ಯಂತ್ರದ ಕೌಶಲದಲ್ಲಿ ನಮ್ಮವರು ಅದಕ್ಕೆ ತಕ್ಕಂತೆ ಬೆಳೆದರು. ಕೆಲಸ ನಡೆಸುವ ರೀತಿಯಲ್ಲಿ ಅಷ್ಟು ಬೆಳೆದಂತೆ ನನಗೆ ಕಾಣುವುದಿಲ್ಲ. ಯಂತ್ರಕ್ಕೆ ಗಿರಾಕಿಯ ಅಳತೆ ತೆಗೆಯುವ ಅದೇ ಜನ, ಯೋಜನೆಗೆ ಬಂದಾಗ ಎಲ್ಲ ಗಿರಾಕಿಗೂ ಒಂದೇ ರೆಡಿಮೇಡ್ ಅಂಗಿ ತೊಡಿಸುತ್ತಾರೆ. ಹೋದ ಆರ್ಡರಿನ ಎಕ್ಸೆಲ್ ಶೀಟ್ ತೆರೆದು, ಗಿರಾಕಿಯ ಹೆಸರು ಅಳಿಸಿ ಇನ್ನೊಂದು ಹೆಸರು ಬರೆದರೆ ಯೋಜನೆ ತಯಾರು: ಡಿಸೈನ್ ಆರು ವಾರ, ಖರೀದಿ ಹತ್ತು ವಾರ, ಜೋಡಣೆ ಆರು ವಾರ, ಟ್ರಯಲ್ ಎರಡು ವಾರ.

ಆ ಶೀಟಿನಲ್ಲಿ ಇಲ್ಲದಿರುವುದು ಗಿರಾಕಿ. ಎಸ್‌ಪಿಎಂ ಕೆಲಸ ತಡವಾಗುವುದು ಬಹುಮಟ್ಟಿಗೆ ಲೇತಿನ ಮುಂದೆ ಅಲ್ಲವೇ ಅಲ್ಲ, ಗಿರಾಕಿಯ ಮೇಜಿನ ಮೇಲೆ. ಲೇಔಟ್ ಡ್ರಾಯಿಂಗ್ ಅಪ್ರೂವಲ್‌ಗೆ ಹೋಗುತ್ತದೆ. ಪ್ರೊಡಕ್ಷನ್‌ನವರು ಸರಿ ಅನ್ನುತ್ತಾರೆ, ಮೇಂಟೆನೆನ್ಸ್‌ನವರು ಕೂಲೆಂಟ್ ಟ್ಯಾಂಕ್ ಈ ಕಡೆ ಬೇಡ ಅನ್ನುತ್ತಾರೆ, ಸೇಫ್ಟಿಯವರು ರಜದಲ್ಲಿರುತ್ತಾರೆ. ಇತ್ತ ಬಾಲ್ ಸ್ಕ್ರೂ, ಲೀನಿಯರ್ ಗೈಡ್, ಕಂಟ್ರೋಲರ್ ತೈವಾನಿನಿಂದಲೋ ಜಪಾನಿನಿಂದಲೋ ಜರ್ಮನಿಯಿಂದಲೋ ಬರಬೇಕು. ಡ್ರಾಯಿಂಗ್ ಒಪ್ಪಿಗೆಯಾಗದೆ ಅಳತೆ ಗಟ್ಟಿಯಾಗುವುದಿಲ್ಲ, ಅಳತೆ ಗಟ್ಟಿಯಾಗದೆ ಆರ್ಡರ್ ಹೋಗುವುದಿಲ್ಲ. ಮೂರು ವಾರ ಹೀಗೆ ಹೋದದ್ದನ್ನು ಯಾರೂ ಬರೆದಿಡುವುದಿಲ್ಲ. ಕೊನೆಗೆ ಜೋಡಣೆಯ ಹುಡುಗರು ಭಾನುವಾರ ಬಂದು ಅದನ್ನು ತುಂಬಿಕೊಡಬೇಕು.

ಟ್ರಯಲ್‌ನ ಕಥೆ ಇನ್ನೂ ವಿಚಿತ್ರ. ವಾಹನದ ಬಿಡಿಭಾಗದವರಿಗೆ ಯಂತ್ರ ಕೊಡುವಾಗ ಸಾಮಾನ್ಯ ಷರತ್ತು ಇದು: ಸಾಲಾಗಿ 50 ಪೀಸ್ ಮಾಡಿ ತೋರಿಸಬೇಕು, ಅಳತೆಗಳ ಏರಿಳಿತ ಎಷ್ಟು ಬಿಗಿಯಾಗಿದೆ ಎಂದು ಹೇಳುವ ಸಿಎಂಕೆ ಅಂಕಿ 1.67ಕ್ಕಿಂತ ಕೆಳಗಿಳಿಯಬಾರದು. ಆ 50 ಪೀಸ್ ಮಾಡಲು ಎರಕದ ಕಚ್ಚಾ ಭಾಗ ಕೊಡಬೇಕಾದವರು ಗಿರಾಕಿ. ಅವರ ಫೌಂಡ್ರಿ ತಡಮಾಡುತ್ತದೆ. ಬಂದ ಇಪ್ಪತ್ತು ಪೀಸ್ ಹಳೇ ಪ್ಯಾಟರ್ನಿನವು. ಡ್ರಾಯಿಂಗ್ ಅಷ್ಟರಲ್ಲಿ ರಿವಿಷನ್ 'ಸಿ'ಗೆ ಹೋಗಿರುತ್ತದೆ, ಫಿಕ್ಸ್ಚರ್ ರಿವಿಷನ್ 'ಎ'ಗೆ ಮಾಡಿದ್ದು. ಕ್ಲ್ಯಾಂಪ್ ಕೂರುವ ಜಾಗದಲ್ಲಿ ಈಗ ಒಂದು ಉಬ್ಬು ಬಂದಿದೆ. ಎರಡು ಮಿಲಿಮೀಟರ್ ಉಬ್ಬು. ಅಷ್ಟಕ್ಕೆ ಭಾಗ ಕೂರುವುದಿಲ್ಲ. ಕೂರದಿದ್ದರೆ ತೂತು ಅದರ ಜಾಗಕ್ಕೆ ಬೀಳುವುದಿಲ್ಲ. ಗಿರಾಕಿಯ ಇನ್‌ಸ್ಪೆಕ್ಟರ್ ಎದುರಿಗೆ ನಿಂತು 'ನಿಮ್ಮ ಮಷೀನ್ ಅಳತೆ ಕೊಡುತ್ತಿಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ. ಅವರು ಬರೆದದ್ದು ಸುಳ್ಳೂ ಅಲ್ಲ.

ಇಂಥ ಗಿರಾಕಿಗೆ ಹೊಲಿದ ಯೋಜನೆ ಹೇಗಿರಬೇಕು? ಅವರ ತಾರೀಖುಗಳೂ ಅದರಲ್ಲಿರಬೇಕು. ಡ್ರಾಯಿಂಗ್ ಒಪ್ಪುವವರು ಯಾರು, ಎಷ್ಟು ದಿನದಲ್ಲಿ. ಕಚ್ಚಾ ಭಾಗ ಯಾವ ರಿವಿಷನ್ನಿನದು, ಎಷ್ಟು, ಯಾವತ್ತು. ಅದು ಬರದಿದ್ದರೆ ಡಿಸ್ಪ್ಯಾಚ್ ದಿನ ಎಷ್ಟು ಜಾರುತ್ತದೆ. ಇದನ್ನು ಕೇಳಿದರೆ ಗಿರಾಕಿ ಬೇಸರ ಮಾಡಿಕೊಳ್ಳುತ್ತಾನೆಂಬ ಹೆದರಿಕೆ ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಬಹಳ. ಪಿಓ, ಅಂದರೆ ಖರೀದಿ ಆದೇಶ, ಕೈಗೆ ಬರುವ ತನಕ ಎಲ್ಲದಕ್ಕೂ 'ಆಗುತ್ತೆ ಸರ್'. ಆ 'ಆಗುತ್ತೆ'ಯ ಬಡ್ಡಿ ಕಟ್ಟುವುದು ಆಮೇಲೆ.

ಗಿರಾಕಿ ಬದಲಾದರೆ ಯೋಜನೆಯಲ್ಲಿ ಭಾರ ಬೀಳುವ ಜಾಗವೂ ಬದಲಾಗುತ್ತದೆ. ಔಷಧ ಕಾರ್ಖಾನೆಗೆ ಮಾತ್ರೆ ತುಂಬುವ ಯಂತ್ರ ಮಾಡುವವರು ಯಂತ್ರದಷ್ಟೇ ತೂಕದ ಕಾಗದ ಕೊಡಬೇಕು: ವಿನ್ಯಾಸ ಸರಿ ಇದೆ, ಕೂರಿಸಿದ್ದು ಸರಿ ಇದೆ, ಓಡುವುದು ಸರಿ ಇದೆ, ದಿನದಿನದ ಕೆಲಸದಲ್ಲೂ ಸರಿ ಇದೆ ಎಂದು ನಾಲ್ಕು ಹಂತದ ದಾಖಲೆ. ಆ ದಾಖಲೆ ಬರೆಯಲು ಒಬ್ಬರನ್ನು ಮೊದಲ ದಿನದಿಂದಲೇ ಕೂರಿಸಬೇಕು. ಯಂತ್ರ ಲಾರಿ ಹತ್ತುವಾಗ ಶುರುಮಾಡಿದರೆ ಕೆಟ್ಟಿತು. ಏರೋಸ್ಪೇಸ್‌ನವರದು ಇನ್ನೊಂದು ದಾರಿ. ಏರ್‌ಬಸ್ ವಿಮಾನಗಳ ರೆಕ್ಕೆಯ ಭಾಗಗಳನ್ನು ಮಾಡುವ ಡೈನಮ್ಯಾಟಿಕ್‌ನಂಥವರ ಲೋಕದಲ್ಲಿ ಮೊದಲ ಪೀಸಿನ ಡ್ರಾಯಿಂಗಿನ ಪ್ರತಿಯೊಂದು ಅಳತೆಗೂ ನಂಬರ್ ಹಾಕಿ, ಒಂದೊಂದನ್ನೂ ಅಳೆದು ಬರೆದು ಒಪ್ಪಿಸುವ ಪದ್ಧತಿ ಇದೆ. ತಯಾರಿಕೆ ಎರಡು ವರ್ಷ ನಿಂತಿದ್ದರೆ ಮತ್ತೆ ಮೊದಲಿನಿಂದ. ಒಪ್ಪಿಗೆ ಪಡೆದ ಯಂತ್ರವನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಎತ್ತಿಟ್ಟರೂ ಆ ಪರೀಕ್ಷೆಯನ್ನು ಮತ್ತೆ ಎದುರಿಸಬೇಕಾಗಬಹುದು. ಇಂಥವರಿಗೆ ಫಿಕ್ಸ್ಚರ್ ಮಾಡಿಕೊಡುವವರು 'ಸಣ್ಣ ಸುಧಾರಣೆ ಮಾಡಿದ್ದೇವೆ, ಇನ್ನೂ ಚೆನ್ನಾಗಿದೆ' ಎಂದು ಹೇಳದೆ ಕೇಳದೆ ಪಿನ್ ಬದಲಿಸಿದರೆ ಅದು ಉಪಕಾರವಲ್ಲ, ಅಪಚಾರ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಟೆಂಡರಿನ ಸಾಲು ದೇವರ ವಾಕ್ಯ. ತಡವಾದರೆ ಸಾಮಾನ್ಯವಾಗಿ ವಾರಕ್ಕೆ ಅರ್ಧ ಪರ್ಸೆಂಟ್ ದಂಡ.

ಗಿರಾಕಿಗೆ ತಕ್ಕ ಯೋಜನೆ ಎಂಬ ಮಾತು ಈಗ ಪುಸ್ತಕಕ್ಕೂ ಬಂದಿದೆ. ಯೋಜನಾ ನಿರ್ವಹಣೆಯ ಜಾಗತಿಕ ಕೈಪಿಡಿ ಎನಿಸಿಕೊಂಡ ಪಿಎಂಬಾಕ್, 2021ರ ಏಳನೇ ಆವೃತ್ತಿಯಲ್ಲಿ ವಿಧಾನವನ್ನು ಕೆಲಸಕ್ಕೆ ಒಗ್ಗಿಸಿಕೊಳ್ಳುವುದಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿತು. ಒಳ್ಳೆಯದೇ. ಆದರೆ ಆ ಅಧ್ಯಾಯಕ್ಕಿಂತ ಹೆಚ್ಚಿನ ಪಾಠ ವಿಜಯಪುರದ ಒಂದು ರೀಲಿಂಗ್ ಮನೆಯಲ್ಲಿದೆ ಎಂಬುದು ನನ್ನ ಅಂದಾಜು.

ಬಿಸಿನೀರಲ್ಲಿ ಬೆಂದ ಗೂಡಿನ ಎಳೆಯ ತುದಿ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡುವುದು ರೀಲಿಂಗ್. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದನ್ನು ಹಚ್ಚಬೇಕು, ಇಲ್ಲದಿದ್ದರೆ ನೂಲು ಸಣ್ಣಗಾಗುತ್ತದೆ. ಹಳೆಯ ರೀಲಿಂಗ್ ಸಾಧನಗಳಾದ ಚರಕದಲ್ಲೂ ಕಾಟೇಜ್ ಬೇಸಿನ್ನಿನಲ್ಲೂ ಇದನ್ನು ನೋಡಿಕೊಳ್ಳುವುದು ಕೆಲಸದವರ ಕಣ್ಣು ಮತ್ತು ಬೆರಳು. ಸ್ವಯಂಚಾಲಿತ ಯಂತ್ರದಲ್ಲಿ ನೂಲಿನ ದಪ್ಪ ಗ್ರಹಿಸುವ ಸಣ್ಣ ಸಾಧನವೊಂದು ಪ್ರತಿ ಎಳೆಗೂ ಇರುತ್ತದೆ. ನೂಲು ತೆಳುವಾದೊಡನೆ ಅದು ಸೂಚನೆ ಕೊಡುತ್ತದೆ, ಯಂತ್ರವೇ ಹೊಸ ಗೂಡು ಹಚ್ಚುತ್ತದೆ. ಚೀನಾದಿಂದ ಬಂದ ಇಂಥ ಯಂತ್ರದ ಪೂರ್ತಿ ಸೆಟ್ ಒಟ್ಟಿಗೇ 400 ನೂಲು ಸುತ್ತುವ, ಅಂದರೆ 400 ಎಂಡ್ಸ್‌ನದು. ಚೀನಾದ ಗೂಡಿಗೆ, ಚೀನಾದ ದೊಡ್ಡ ಫಿಲೇಚರಿಗೆ, ಅಂದರೆ ರೀಲಿಂಗ್ ಕಾರ್ಖಾನೆಗೆ, ಅದು ಸರಿಯಾದ ಯಂತ್ರ.

ನಮ್ಮಲ್ಲಿ ಗೂಡು ಬೇರೆ. ಬಿಳಿಯ ದ್ವಿತಳಿ ಗೂಡಿನ ಎಳೆ ಸಾವಿರ ಮೀಟರಿನ ಆಸುಪಾಸು ಹರಿಯದೆ ಬರುತ್ತದೆ. ಈ ಯಂತ್ರಕ್ಕೆ ಬೇಕಾದದ್ದು ಅದು. ಕರ್ನಾಟಕದಲ್ಲಿ ರೈತ ಹೆಚ್ಚಾಗಿ ಬೆಳೆಯುತ್ತ ಬಂದದ್ದು ಹಳದಿ ಮಿಶ್ರತಳಿ. ಅದರ ಎಳೆ ಗಿಡ್ಡ, ದಪ್ಪ ಏರುಪೇರು, ಮೇಲಿಂದ ಮೇಲೆ ತುಂಡಾಗುತ್ತದೆ. ಇನ್ನು ಪ್ರಮಾಣ. 400 ಎಂಡ್ಸ್ ಓಡಿಸಲು ದಿನಕ್ಕೆ ಕ್ವಿಂಟಲ್‌ಗಟ್ಟಲೆ ಒಂದೇ ಗುಣದ ಗೂಡು ಬೇಕು. ನಮ್ಮ ರೀಲರ್ ಬೆಳಿಗ್ಗೆ ಹರಾಜಿನಲ್ಲಿ ನಿಂತು ಹತ್ತು ರೈತರ ಹತ್ತು ತರದ ಲಾಟ್ ಹಿಡಿಯುವವನು. ಗೂಡು ತಂದ ಮೇಲೆ ಒಣಗಿಸದಿದ್ದರೆ ದಿನಗಳ ಲೆಕ್ಕದಲ್ಲಿ ಚಿಟ್ಟೆ ತೂತುಮಾಡಿ ಹೊರಗೆ ಬರುತ್ತದೆ, ಗೂಡು ಕೆಟ್ಟಿತು.

ಕೇಂದ್ರ ರೇಷ್ಮೆ ಮಂಡಳಿಯದೇ ಆದ, ಬೆಂಗಳೂರಿನಲ್ಲಿ 1983ರಲ್ಲಿ ಶುರುವಾದ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದನ್ನು ಅರಿತೇ ಚರಕಕ್ಕೂ ಚೀನಾ ಯಂತ್ರಕ್ಕೂ ನಡುವಿನ ಮಲ್ಟಿ-ಎಂಡ್ ಯಂತ್ರವನ್ನು ರೂಪಿಸಿತು: ಒಂದು ಬೇಸಿನ್ನಿಗೆ ಹತ್ತು ಎಂಡ್ಸ್, ನೂಲು ನಿಧಾನ ಓಡುತ್ತದೆ, ಗೂಡು ಹಚ್ಚುವುದು ಕೈಯಲ್ಲೇ. ಸ್ವಯಂಚಾಲಿತ ಯಂತ್ರಗಳೂ ಆಮೇಲೆ 200 ಎಂಡ್ಸ್‌ನ ಸಣ್ಣ ಸೆಟ್ಟಾಗಿ ಬಂದವು. ಇಷ್ಟು ಯಂತ್ರದ ಅಳತೆಯಾಯಿತು.

ಈಗ ಯೋಜನೆಯ ಅಳತೆ. ಇಂಥ ರೀಲರಿಗೆ ಯಂತ್ರ ಮಾಡಿಕೊಡುವವನು ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಎಂಡ್ಸ್' ಅನ್ನುವುದಲ್ಲ. ನೀರು ಎಲ್ಲಿಂದ? ದೇವನಹಳ್ಳಿ ಸುತ್ತಿನ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು, ಆ ನೀರು ಗಡಸು. ಗಡಸು ನೀರಲ್ಲಿ ಬೆಂದ ಗೂಡು ಸರಿಯಾಗಿ ಬಿಚ್ಚುವುದಿಲ್ಲ, ನೂಲಿಗೆ ಹೊಳಪು ಬರುವುದಿಲ್ಲ. ಅಂದರೆ ನೀರು ಮೆದು ಮಾಡುವ ಘಟಕ ಈ ಯೋಜನೆಯ ಒಳಗೋ ಹೊರಗೋ ಎಂದು ಮೊದಲೇ ತೀರ್ಮಾನವಾಗಬೇಕು. ಹೊರಗೆ ಎಂದಾದರೆ ಅದು ಕೂತ ಮೇಲೆಯೇ ಟ್ರಯಲ್. ಹಳೇ ಬೇಸಿನ್ ಯಾವಾಗ ಕೀಳುವುದು? ಕಿತ್ತ ದಿನದಿಂದ ಹೊಸದು ಓಡುವ ದಿನದವರೆಗೆ ಮನೆಯಲ್ಲಿ ಆದಾಯವಿಲ್ಲ, ಕೆಲಸದವರು ಬೇರೆ ಫಿಲೇಚರಿಗೆ ಹೋದರೆ ಹಿಂದೆ ಬರುವುದಿಲ್ಲ. ಹಾಗಾಗಿ ಅರ್ಧ ಹಳೆಯದು, ಅರ್ಧ ಹೊಸದು ಎಂದು ಎರಡು ಕಂತಿನಲ್ಲಿ ಕೂರಿಸುವುದು ಈ ಗಿರಾಕಿಗೆ ಲಾಭ, ತಯಾರಕನಿಗೆ ಎರಡು ಸಲ ಲಾರಿ, ಎರಡು ಸಲ ಫಿಟ್ಟರ್. ಆ ಖರ್ಚು ಕೊಟೇಶನ್ನಿನಲ್ಲೇ ಬರಬೇಕು. ಟ್ರಯಲ್ ಯಾವ ಗೂಡಿನಲ್ಲಿ? ತಯಾರಕನ ಶೆಡ್ಡಿನಲ್ಲಿ ಆರಿಸಿ ತಂದ ದ್ವಿತಳಿಯಲ್ಲಿ ಓಡಿಸಿ ಸಹಿ ಹಾಕಿಸಿಕೊಳ್ಳುವುದು ಸುಲಭ. ಮಳೆಗಾಲದ ಒದ್ದೆ ಗೂಡು, ಆ ದಿನದ ಹರಾಜಿನ ಕಲಬೆರಕೆ ಲಾಟ್ ಹಾಕಿ ಓಡಿಸಿದ್ದು ನಿಜವಾದ ಟ್ರಯಲ್. ಸಿಎಂಕೆ ಇಲ್ಲಿ ಯಾರಿಗೂ ಬೇಡ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ತಿಂದಿತು, ಜೂಟು, ಅಂದರೆ ತ್ಯಾಜ್ಯ ಎಳೆ, ಎಷ್ಟು ಹೋಯಿತು, ಇವೆರಡೇ ಅಂಕಿ.

ಗಮನಿಸಿ, ಈ ರೀಲರ್ ವಾರಕ್ಕೊಂದು ಪ್ರಗತಿ ವರದಿ ಕೇಳುವುದಿಲ್ಲ. ಅವನಿಗೆ ಗ್ಯಾಂಟ್ ಚಾರ್ಟ್ ಕಳಿಸಿದರೆ ಅದನ್ನು ನೋಡಿ ಏನು ಮಾಡಲಿ ಎನ್ನುತ್ತಾನೆ. ಅವನಿಗೆ ಬೇಕಾದ್ದು ಫೋನ್ ಎತ್ತುವ ಒಬ್ಬ ಮನುಷ್ಯ, ಮತ್ತು ಯಂತ್ರ ನಿಂತರೆ ಅವತ್ತೇ ಬರುವ ಒಬ್ಬ ಫಿಟ್ಟರ್. ಬಹುರಾಷ್ಟ್ರೀಯ ಕಂಪನಿ ಇದಕ್ಕೆ ತದ್ವಿರುದ್ಧ: ಸೋಮವಾರಕ್ಕೊಂದು ಕಾಲ್, ಅವರದೇ ನಮೂನೆಯ ವರದಿ, ರಿಸ್ಕ್ ಪಟ್ಟಿ. ಇಪ್ಪತ್ತು ಜನರ ಕಾರ್ಖಾನೆಯಲ್ಲಿ ಈ ಕೆಲಸ ಮಾಲೀಕನ ಮಗಳ ಮೇಲೋ ಡಿಸೈನ್ ಹುಡುಗನ ಮೇಲೋ ಬೀಳುತ್ತದೆ, ಡಿಸೈನ್ ಅಷ್ಟು ಹಿಂದೆ ಬೀಳುತ್ತದೆ. ವರದಿಗೂ ಬೆಲೆ ಹಾಕಿ ಎಂದು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ನಕ್ಕು ಸುಮ್ಮನಾಗುತ್ತಾರೆ. ಪೀಣ್ಯದ ಅರ್ಧ ಯೋಜನಾ ನಿರ್ವಹಣೆ ನಡೆಯುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅದರ ಬಗ್ಗೆ ನನಗೆ ತಾತ್ಸಾರವಿಲ್ಲ, ಫೋಟೊ ಸಮೇತ ಅಂದಂದೇ ಸುದ್ದಿ ಮುಟ್ಟುತ್ತದೆ. ಆದರೆ 'ಆ ಪ್ಯಾನೆಲ್ ಸ್ವಲ್ಪ ಈ ಕಡೆ ತಿರುಗಿಸಿಬಿಡಿ' ಎಂಬ ವಾಯ್ಸ್ ಮೆಸೇಜ್ ಬದಲಾವಣೆಯ ಆದೇಶವಾಗಬಾರದು. ಅದೇ ಸಂಜೆ ಒಂದು ಮೇಲ್: ಹೀಗೆ ಹೇಳಿದ್ದೀರಿ, ಇಷ್ಟು ದಿನ ಹೆಚ್ಚು, ಇಷ್ಟು ಹಣ ಹೆಚ್ಚು, ಒಪ್ಪಿಗೆ ಕೊಡಿ.

ಗಿರಾಕಿಗೆ ತಕ್ಕಂತೆ ಎಂದಮೇಲೆ ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೆ? ಇಲ್ಲಿ ಡೆನ್ವರ್ ವಿಮಾನ ನಿಲ್ದಾಣದ ಕಥೆ ನೆನಪಾಗುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಈ ನಿಲ್ದಾಣದ ಕಟ್ಟಡ ಏಳುತ್ತಿದ್ದಾಗ, ಇಡೀ ನಿಲ್ದಾಣಕ್ಕೆ ಒಂದೇ ಸ್ವಯಂಚಾಲಿತ ಲಗೇಜ್ ವ್ಯವಸ್ಥೆ ಬೇಕೆಂದು ನಗರಾಡಳಿತಕ್ಕೆ ತಡವಾಗಿ ಹೊಳೆಯಿತು. ಅದಕ್ಕೆ ಮೊದಲು ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಲಿನ ಕಟ್ಟಡಕ್ಕಷ್ಟೇ ಅಂಥದೊಂದನ್ನು ಯೋಚಿಸಿತ್ತು. ಬಿಎಇ ಆಟೊಮೇಟೆಡ್ ಸಿಸ್ಟಮ್ಸ್ ಕಂಪನಿ 1992ರಲ್ಲಿ 19.3 ಕೋಟಿ ಡಾಲರಿಗೆ ಈ ಕೆಲಸ ಒಪ್ಪಿಕೊಂಡಿತು. ಇಂಥ ದಿನದ ನಂತರ ಬದಲಾವಣೆ ಇಲ್ಲ ಎಂಬುದು ಅವರ ಷರತ್ತು, ನಗರ ಅದಕ್ಕೆ ತಲೆಯಾಡಿಸಿತ್ತು. ಆಮೇಲೆ ವಿಮಾನ ಕಂಪನಿಗಳು ಒಂದೊಂದಾಗಿ ತಮ್ಮ ಬೇಡಿಕೆ ತಂದವು. ಮಾತು ಮುರಿಯಿತು, ಬದಲಾವಣೆಗಳು ಒಳಗೆ ಬಂದವು. ಮ್ಯೂನಿಕ್ ನಿಲ್ದಾಣದವರು ಇದಕ್ಕಿಂತ ಸರಳವಾದ ವ್ಯವಸ್ಥೆಯ ಪರೀಕ್ಷೆಗೇ ಎರಡು ವರ್ಷ ಕೊಟ್ಟಿದ್ದರು. ಆ ಮಾತು ಡೆನ್ವರ್‌ನವರ ಕಿವಿಗೆ ಬಿದ್ದಿತ್ತು. 1993ರ ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ನಿಲ್ದಾಣ ತೆರೆದದ್ದು 1995ರ ಫೆಬ್ರವರಿ 28ಕ್ಕೆ. ನಡುವೆ ಪತ್ರಕರ್ತರನ್ನು ಕರೆದು ನಡೆಸಿದ ಪ್ರದರ್ಶನದಲ್ಲಿ ಗಾಡಿಗಳು ಸೂಟ್‌ಕೇಸುಗಳನ್ನು ಹರಿದು ಎಸೆದವು. ತಡವಾದ ಒಂದೊಂದು ದಿನಕ್ಕೂ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ನಷ್ಟ. ಕೊನೆಗೆ 2005ರಲ್ಲಿ, ಅದನ್ನು ಬಳಸುತ್ತಿದ್ದ ಯುನೈಟೆಡ್ ಕಂಪನಿಯೇ ಕೈಬಿಟ್ಟು ಸಾಮಾನ್ಯ ಟ್ರಾಲಿಗಳಿಗೆ ಮರಳಿತು.

ಈ ಕಥೆಯನ್ನು ತಂತ್ರಜ್ಞಾನದ ಸೋಲು ಎಂದು ಹೇಳುವವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಇದು ಗಿರಾಕಿ ಯಾರು ಎಂದೇ ತೀರ್ಮಾನವಾಗದ ಯೋಜನೆ. ಹಣ ಕೊಟ್ಟವರು ಒಬ್ಬರು, ಬಳಸುವವರು ಇನ್ನೊಬ್ಬರು, ಅನುಮತಿ ಕೊಡುವವರು ಮತ್ತೊಬ್ಬರು. ಇವರೆಲ್ಲರ ಬೇಡಿಕೆ ಮೊದಲೇ ಒಂದು ಕಾಗದದ ಮೇಲೆ ಬಂದಿರಲಿಲ್ಲ. ನಮ್ಮ ರೀಲಿಂಗ್ ಯಂತ್ರದಲ್ಲೂ ಇದರದೇ ಸಣ್ಣ ರೂಪ ಇದೆ. ಯಂತ್ರ ಓಡಿಸುವವರು ಕೂಲಿಯ ಹೆಂಗಸರು, ಕೊಳ್ಳುವವನು ರೀಲರ್, ಹಣದಲ್ಲಿ ಒಂದು ಪಾಲು ಸರ್ಕಾರದ ಸಬ್ಸಿಡಿ. ಬೇಸಿನ್ನಿನ ಎತ್ತರ ಎಷ್ಟಿರಬೇಕೆಂದು ಡ್ರಾಯಿಂಗ್ ಹಂತದಲ್ಲಿ ಆ ಹೆಂಗಸರನ್ನು ಕೇಳಿದವರನ್ನು ನಾನು ಕಂಡಿದ್ದು ಕಡಿಮೆ, ಎಂಟು ಗಂಟೆ ಅದರ ಮುಂದೆ ಕೈ ಇಳಿಬಿಟ್ಟು ನಿಲ್ಲುವವರು ಅವರಾದರೂ.

ಹಣದ ಮಾತು ಬಂದದ್ದರಿಂದ ಒಂದು ಹಳೆಯ ಲೆಕ್ಕ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಂಗಣಕ್ಕೆ ಹಡಗಿನ ರಾಟೆ ಮಾಡುವ ಯಂತ್ರಗಳ ಇಡೀ ಸಾಲನ್ನು ಮಾರ್ಕ್ ಬ್ರುನೆಲ್ ರೂಪಿಸಿದ, ಹೆನ್ರಿ ಮಾಡ್ಸ್‌ಲೆ ಮಾಡಿಕೊಟ್ಟ. ಎಸ್‌ಪಿಎಂಗಳ ಮೂಲಪುರುಷರು ಎಂದರೆ ಇವರೇ. 110 ಕುಶಲಕರ್ಮಿಗಳ ಕೆಲಸವನ್ನು ಪಳಗದ ಹತ್ತು ಜನ ಮಾಡುವಂತಾಯಿತು. ಬ್ರುನೆಲ್‌ಗೆ ಸಿಗಬೇಕಾದ್ದು ಒಂದು ವರ್ಷದಲ್ಲಿ ನೌಕಾಪಡೆಗೆ ಉಳಿತಾಯವಾದಷ್ಟು ಹಣ. ಅದು 17 ಸಾವಿರ ಪೌಂಡು ದಾಟಿತು. ಗಿರಾಕಿಯ ಲಾಭಕ್ಕೇ ಕಟ್ಟಿದ ಕರಾರು, ಇಂದಿಗೂ ಜಾಣತನದ್ದು. ಆದರೆ ಆ ಹಣ ಪೂರ್ತಿ ಕೈಸೇರುವಷ್ಟರಲ್ಲಿ ಬ್ರುನೆಲ್ ಸಾಕಷ್ಟು ಅಲೆದ.

ನಮ್ಮಲ್ಲಿ ಯಂತ್ರದ ಬೆಲೆಯ ಕೊನೆಯ ಹತ್ತು ಪರ್ಸೆಂಟಿಗೆ ಅಲೆಯುವವರಿಗೆ ಕಾನೂನೊಂದಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ತಯಾರಕರಿಗೆ, ಲಿಖಿತ ಕರಾರಿದ್ದರೂ, ಮಾಲು ಒಪ್ಪಿದ ದಿನದಿಂದ 45 ದಿನದೊಳಗೆ ಹಣ ಕೊಡಬೇಕು. 2024ರ ಏಪ್ರಿಲ್‌ನಿಂದ ಇದಕ್ಕೆ ಆದಾಯ ತೆರಿಗೆಯ ಕುಣಿಕೆಯೂ ಬಿದ್ದಿದೆ: ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು, ಕೊಟ್ಟ ವರ್ಷದವರೆಗೆ, ಗಿರಾಕಿ ಖರ್ಚಿನ ಲೆಕ್ಕಕ್ಕೆ ಹಾಕುವಂತಿಲ್ಲ. ಆದರೆ ಹೇಳಿ ಮಾಡಿಸಿದ ಯಂತ್ರವನ್ನು 'ಒಪ್ಪಿದ ದಿನ' ಯಾವುದು? ಲಾರಿ ಇಳಿಸಿದ ದಿನವೇ, ಫೌಂಡೇಶನ್ ಒಣಗಿ ಬೋಲ್ಟ್ ಬಿಗಿದ ದಿನವೇ, 50 ಪೀಸ್ ಅಳೆದ ದಿನವೇ? ಮಾಲು ಮುಟ್ಟಿದ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಮುಟ್ಟಿದ ದಿನವೇ ಒಪ್ಪಿದ ದಿನ ಎನ್ನುತ್ತದೆ ಕಾಯ್ದೆ. ಅನುಭವಸ್ಥ ಖರೀದಿ ಮ್ಯಾನೇಜರ್ ಹದಿನಾಲ್ಕನೇ ದಿನ ಒಂದು ಸಾಲಿನ ತಕರಾರು ಕಳಿಸುತ್ತಾರೆ. ಪೇಂಟ್ ಶೇಡ್ ಸರಿಯಿಲ್ಲ ಎಂದಾದರೂ ಸರಿ. ಒಪ್ಪಿಗೆಯ ದಿನಕ್ಕೆ ಯಾವ ಪರೀಕ್ಷೆ, ಯಾವ ಅಂಕಿ, ಯಾರ ಸಹಿ ಎಂಬುದನ್ನು ಪಿಓದಲ್ಲೇ ಬರೆಸಿಕೊಂಡವರು ಆ ತಕರಾರಿಗೆ ಉತ್ತರ ಕೊಡಬಲ್ಲರು. ರೀಲರಿಗೆ ಯಂತ್ರ ಕೊಟ್ಟವರು ಇಷ್ಟರ ಜೊತೆಗೆ ರೇಷ್ಮೆ ಇಲಾಖೆಯ ಅಧಿಕಾರಿ ಸ್ಥಳಪರಿಶೀಲನೆಗೆ ಬರುವ ದಿನವನ್ನೂ ಯೋಜನೆಯಲ್ಲಿ ಗುರುತು ಹಾಕಿಕೊಳ್ಳಬೇಕು, ಸಬ್ಸಿಡಿ ಬಿಡುಗಡೆಯಾಗುವುದು ಅದಾದ ಮೇಲೆ.